ಮೊದಲು ಬಿಗಿ ಹಿಡಿಯಲು ಕಲಿಯಿರಿ, ನೆತ್ತಿಗೆ ಕರೆಂಟು ಆಮೇಲೆ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಒಂದು ಸೀನು ಬಂದರೆ ಸೀರೆ ಒದ್ದೆ. ಹೀಗೆ ಹೇಳಿಕೊಂಡು ನನ್ನ ಫಿಸಿಯೊಥೆರಪಿ ಕೋಣೆಗೆ ಬರುವ ಹೆಂಗಸರ ಮೊಬೈಲಿನಲ್ಲಿ ಈಚೆಗೊಂದು ವಿಡಿಯೊ ಇರುತ್ತದೆ: ತಲೆಗೆ ಕರೆಂಟಿನ ಪಟ್ಟಿ ಕಟ್ಟಿಕೊಂಡು ಕೂತರೆ ಮೂತ್ರ ಸೋರುವುದು ನಿಲ್ಲುತ್ತದಂತೆ. ಬರೀ ಕೂತರೆ ನಿಲ್ಲುವುದಿಲ್ಲ.

ಮೊದಲು ಡಾಕ್ಟರ ಹತ್ತಿರ ಹೋಗಿ ಮೂತ್ರದ ಸೋಂಕು, ಗರ್ಭಕೋಶದ ಜಾರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಎರಡನೆಯದು, ಪೆಲ್ವಿಕ್ ಫ್ಲೋರ್ ಸ್ನಾಯುವನ್ನು, ಅಂದರೆ ಮೂತ್ರಚೀಲ, ಗರ್ಭಕೋಶಗಳನ್ನು ಕೆಳಗಿನಿಂದ ಎತ್ತಿ ಹಿಡಿಯುವ ಸ್ನಾಯುವನ್ನು ಹುಡುಕುವುದು. ಎಡವುವುದೆಲ್ಲ ಇಲ್ಲೇ. ಅಂಗಾತ ಮಲಗಿ, ಮಂಡಿ ಮಡಿಸಿ. ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ತಡೆಯುತ್ತೀರಲ್ಲ, ಹಾಗೆ ಗುದದ್ವಾರ ಬಿಗಿ ಮಾಡಿ. ಆ ಬಿಗಿಯನ್ನು ಮೂತ್ರದ್ವಾರದವರೆಗೂ ಮುಂದಕ್ಕೆ ತನ್ನಿ. ಈಗ ಬಾವಿಯಿಂದ ಕೊಡ ಸೇದಿದ ಹಾಗೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ಹೊಟ್ಟೆಯ ಮೇಲೊಂದು ಕೈ ಇರಲಿ. ಹೊಟ್ಟೆ ಉಬ್ಬಿದರೆ ನೀವು ತಿಣುಕುತ್ತಿದ್ದೀರಿ. ಅದು ಸ್ನಾಯುವನ್ನು ಕೆಳಕ್ಕೆ ನೂಕುತ್ತದೆ, ಸೋರಿಕೆ ಹೆಚ್ಚುತ್ತದೆ. ಉಸಿರು ಕಟ್ಟಬಾರದು, ಅದಕ್ಕೇ ನಾನು ಎಲ್ಲರಿಗೂ ಬಾಯಿಬಿಟ್ಟು ಎಣಿಸಲು ಹೇಳುವುದು. ಕುಂಡಿ, ತೊಡೆ ಸಡಿಲವಾಗಿರಬೇಕು. ಮಂಡ್ಯದ ಕಡೆಯ ಒಬ್ಬರು ಎರಡು ತಿಂಗಳು ಕುಂಡಿಯನ್ನೇ ಹಿಂಡಿಕೊಂಡಿದ್ದರು. "ಸೊಂಟ ನೋವು ಬಂತೇ ಹೊರ್ತು ಸೋರೋದು ನಿಲ್ನಿಲ್ಲ ಕಣಕ್ಕ" ಅಂದರು. ಹೇಗೆ ನಿಂತೀತು?

ಬಿಗಿ ಮಾಡಿದಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವ ಚಾಳಿ ಬೇಡವೇ ಬೇಡ, ಮೂತ್ರಚೀಲ ಪೂರ್ತಿ ಖಾಲಿಯಾಗುವುದಿಲ್ಲ. ಕೆಳಹೊಟ್ಟೆ ನೋವು, ಗಂಡನೊಡನೆ ಕೂಡುವಾಗ ನೋವು ಇರುವವರಿಗೆ ಬೇಕಾದದ್ದು ಹೆಚ್ಚಾಗಿ ಸಡಿಲಿಸುವ ವ್ಯಾಯಾಮ. ತೋರಿಸಿಕೊಳ್ಳದೆ ಹಿಂಡಲು ಹೋಗಬೇಡಿ.

ಲೆಕ್ಕ ಸುಲಭ: ಒಮ್ಮೆಗೆ 8 ಸಲ, ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು. ಕೆಮ್ಮು, ಸೀನು ಬರುವ ಮುಂಚೆಯೂ ಒಮ್ಮೆ ಬಿಗಿ ಹಿಡಿಯಿರಿ. 1948ರಲ್ಲಿ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ ಬರೆದಿಟ್ಟ ಈ ಬಿಗಿ ಹಿಡಿಯುವ ವ್ಯಾಯಾಮಕ್ಕೆ ಚಾಪೆ ಸಾಕು.

ಇನ್ನು ಕರೆಂಟು. ಈ ಸ್ನಾಯುವನ್ನು ಆಳುವ ಮಿದುಳಿನ ಭಾಗ ಇರುವುದು ನೆತ್ತಿಯ ಕೆಳಗೆ, ಎಣ್ಣೆ ಸ್ನಾನದ ದಿನ ಹರಳೆಣ್ಣೆ ತಟ್ಟುವ ಜಾಗದ ಆಸುಪಾಸು. ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜಿನ ಮೂಲಕ 1ರಿಂದ 2 ಮಿಲಿಆಂಪಿಯರ್, ಸಾಮಾನ್ಯವಾಗಿ 20 ನಿಮಿಷದಷ್ಟು ಹೊತ್ತು ಹರಿಸುತ್ತಾರೆ. ಅಷ್ಟು ಸಣ್ಣ ಕರೆಂಟು ಸ್ನಾಯುವನ್ನು ತಾನಾಗಿ ಬಿಗಿ ಮಾಡದು. ನರಕೋಶಗಳನ್ನು ಕೊಂಚ ಚುರುಕಾಗಿಸುತ್ತದೆ ಅಷ್ಟೆ. ಆ ಹೊತ್ತಿನಲ್ಲೇ ವ್ಯಾಯಾಮವನ್ನೂ ಮಾಡಿಸಿದರೆ ಕಲಿಕೆ ಬೇಗ ಕೂತೀತು ಎಂಬುದು ಲೆಕ್ಕಾಚಾರ. ತಪ್ಪು ಸ್ನಾಯು ಹಿಂಡುವವರಿಗೆ ತಪ್ಪೇ ಕೂತರೆ?

ಸೋರಿಕೆಗೆ ಇದಿನ್ನೂ ಸಂಶೋಧನೆಯ ಹಂತದಲ್ಲಿದೆ. ಆನ್‌ಲೈನ್‌ನಲ್ಲಿ ಬರುವ ಪಟ್ಟಿ ಕೊಳ್ಳಬೇಡಿ, 9 ವೋಲ್ಟ್ ಬ್ಯಾಟರಿಗೆ ತಂತಿ ಸುತ್ತುವ ಸಾಹಸವಂತೂ ಬೇಡ, ಚರ್ಮ ಸುಟ್ಟೀತು. ಫಿಟ್ಸ್ ಇದ್ದವರು, ತಲೆಯೊಳಗೆ ಲೋಹದ ಕ್ಲಿಪ್ ಇದ್ದವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಬಸುರಿಯರು ದೂರವಿರಿ. ಮಿಕ್ಕವರು ಆಸ್ಪತ್ರೆಯ ಅಧ್ಯಯನಕ್ಕೆ ಸೇರಿಕೊಂಡರೆ, ಆ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ, ಸ್ಪಂಜು ಸರಿಯಾಗಿ ತಾಗುವುದಿಲ್ಲ. ಮಲ್ಲಿಗೆ ದಂಡೆಯನ್ನೂ ಕರೆಂಟು ಮುಗಿದ ಮೇಲೆ ಮುಡಿಯಬಹುದು.