ಬಿಲ್ ಬೇಡ ಅನ್ನುವವರಿಗೆ ಡ್ರಮ್ ಇಲ್ಲ: ಬೀದರ್‌ನ ಕೆಮಿಕಲ್ ಅಂಗಡಿಯಲ್ಲಿ ನನ್ನ ಅನುಭವ

ಬೀದರ್‌ನಲ್ಲಿ ನನ್ನದು ಕೆಮಿಕಲ್ ವ್ಯಾಪಾರ. ಕಾಲೇಜು ಲ್ಯಾಬ್‌ಗಳಿಗೆ ಆಸಿಡ್, ಗಾಜಿನ ಸಾಮಾನು ಕೊಡುತ್ತೇನೆ. ಬಿದ್ರಿ ಕೆಲಸದವರು ಮೈಲುತುತ್ತು, ನವಸಾಗರಕ್ಕೆ ಬರುತ್ತಾರೆ. ಪೇಂಟರ್‌ಗಳಿಗೆ ಥಿನ್ನರ್ ಬೇಕು. ಕೊಳಾರ ಮತ್ತು ಹುಮನಾಬಾದ್ ಕೈಗಾರಿಕಾ ಪ್ರದೇಶದ ಘಟಕಗಳಿಗೆ ಸಾಲ್ವೆಂಟ್ (ಬೇರೆ ವಸ್ತು ಕರಗಿಸುವ ದ್ರವ) ಡ್ರಮ್‌ಗಳು ಹೋಗುತ್ತವೆ. ಹುಮನಾಬಾದ್ ಮೇಲೆ ಪುಣೆ–ಹೈದರಾಬಾದ್ ಹೆದ್ದಾರಿ ಇದೆ. ಗಡಿ ದಾಟಿದರೆ ತೆಲಂಗಾಣದ ಜಹೀರಾಬಾದ್. ಹೈದರಾಬಾದ್ ಸುತ್ತಮುತ್ತ ಯಾವುದೋ ಶೆಡ್‌ನಲ್ಲಿ ಆಲ್‌ಪ್ರಾಜೋಲಾಮ್ ಅಥವಾ ಮೆಫೆಡ್ರೋನ್‌ನಂಥ ಮತ್ತಿನ ಪದಾರ್ಥ ಮಾಡುತ್ತಿದ್ದವರು ಸಿಕ್ಕಿಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಕಾಡುತ್ತದೆ. ಅವರಿಗೆ ಸಾಮಾನು ಕೊಟ್ಟವರು ಯಾರು? ಎಲ್ಲೋ ಒಂದು ಅಂಗಡಿ, ಒಂದು ಗೋಡೌನ್ ಇರಲೇಬೇಕು ಅಲ್ವಾ.

ಕಾನೂನು ಇಲ್ಲ ಅಂತಲ್ಲ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಅದರ ಕೆಳಗೆ 2013ರಲ್ಲಿ ನಿಯಂತ್ರಿತ ವಸ್ತುಗಳ ಆದೇಶ ಬಂತು. ಅಸಿಟಿಕ್ ಅನ್‌ಹೈಡ್ರೈಡ್, ಎಫೆಡ್ರಿನ್, ಸೂಡೋಎಫೆಡ್ರಿನ್, ಆಂಥ್ರಾನಿಲಿಕ್ ಆಸಿಡ್ ಇವೆಲ್ಲ ಆ ಆದೇಶದ ಎ ಪಟ್ಟಿಯಲ್ಲಿವೆ. ಇವನ್ನು ಮಾಡುವವರು, ಮಾರುವವರು, ಬಳಸುವವರು ನಾರ್ಕೋಟಿಕ್ಸ್ ಕಂಟ್ರೋಲ್ ಬ್ಯೂರೋದಿಂದ ನೋಂದಣಿ ಸಂಖ್ಯೆ ಪಡೆಯಬೇಕು. ನಾವು ಅದಕ್ಕೆ ಯುಆರ್‌ಎನ್ ಅನ್ನುತ್ತೇವೆ. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಮಾಲು ಸಾಗಿಸುವಾಗ ಗಾಡಿಯಲ್ಲಿ ಕನ್‌ಸೈನ್‌ಮೆಂಟ್ ನೋಟ್, ಅಂದರೆ ಮಾಲಿನ ವಿವರದ ಚೀಟಿ, ಇರಬೇಕು. ಇದನ್ನು ಮೀರಿದರೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಆಸ್ಪಿರಿನ್ ಮಾಡಲು ಅಸಿಟಿಕ್ ಅನ್‌ಹೈಡ್ರೈಡ್ ಬಳಸುತ್ತಾರೆ. ಹೆರಾಯಿನ್ ಮಾಡುವವರೂ ಅದನ್ನೇ ಹುಡುಕುತ್ತಾರೆ. ಅದಕ್ಕೇ ಇಷ್ಟು ಬಿಗಿ.

ಪಟ್ಟಿಯಲ್ಲಿ ಇರುವುದನ್ನು ಕಾಯುವುದು ಸುಲಭ. ಕೊಳ್ಳುವವರ ಯುಆರ್‌ಎನ್ ಕೇಳುತ್ತೇನೆ, ಇಲ್ಲದಿದ್ದರೆ ಮಾಲಿಲ್ಲ, ಮಾತು ಮುಗಿಯಿತು. ಕಷ್ಟ ಇರುವುದು ಟಾಲೀನ್, ಅಸಿಟೋನ್, ಹೈಡ್ರೋಕ್ಲೋರಿಕ್ ಆಸಿಡ್ ಇಂಥವುಗಳಲ್ಲಿ. ಮಾದಕ ವಸ್ತು ಕಳ್ಳಸಾಗಣೆ ತಡೆಯುವ 1988ರ ವಿಶ್ವಸಂಸ್ಥೆ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಇವುಗಳ ಹೆಸರಿದೆ. ಆದರೆ ನಮ್ಮ ದೇಶದೊಳಗೆ ಮಾರಲು ಯುಆರ್‌ಎನ್ ಬೇಕಿಲ್ಲ. ಬೇಕು ಅಂತ ಮಾಡಲೂ ಬಾರದು ಅನ್ನುವುದು ನನ್ನ ಅಭಿಪ್ರಾಯ. ಒಂದು ಲೀಟರ್ ಅಸಿಟೋನ್ ಒಯ್ಯುವ ಫೈಬರ್ ಕೆಲಸದ ಹುಡುಗ ಪರ್ಮಿಟ್‌ಗೆ ಎಲ್ಲಿ ಅಲೆಯಬೇಕು? ಹಾಗಾಗಿ ಇಲ್ಲಿ ಕಾಯುವ ಕೆಲಸ ಅಂಗಡಿಯವನದೇ.

ನನಗೆ ದಾರಿ ತೋರಿಸಿದ್ದು ಆಸಿಡ್ ರಿಜಿಸ್ಟರ್. ಮುಖಕ್ಕೆ ಆಸಿಡ್ ಎರಚುವ ಪ್ರಕರಣಗಳ ಹಿನ್ನೆಲೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಚಿಲ್ಲರೆ ಮಾರಾಟ ಬಿಗಿ ಮಾಡಿತು. ಕೊಳ್ಳುವವರ ಹೆಸರು, ವಿಳಾಸ ಬರೆಯಬೇಕು. ಸರ್ಕಾರಿ ಗುರುತಿನ ಚೀಟಿ ನೋಡಬೇಕು. ಯಾಕೆ ಬೇಕು ಅಂತ ಕೇಳಬೇಕು. 18 ವರ್ಷ ತುಂಬದವರಿಗೆ ಕೊಡಬಾರದು. ಆ ಪುಸ್ತಕ ಹೇಗೂ ಕೌಂಟರ್ ಮೇಲೆ ಇತ್ತು. ಸಾಲ್ವೆಂಟ್‌ಗಳನ್ನೂ ಯಾಕೆ ಇದರಲ್ಲೇ ಬರೆಯಬಾರದು ಅನ್ನಿಸಿತು. ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಎರಡು ಕಾಲಂ ಮಾತ್ರ ಹೊಸದಾಗಿ ಎಳೆದೆ: ಬ್ಯಾಚ್ ನಂಬರ್ ಮತ್ತು ಗಾಡಿ ನಂಬರ್.

ಬ್ಯಾಚ್ ನಂಬರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಪ್ರತಿ ಡ್ರಮ್ ಮೇಲೆ ತಯಾರಿಸಿದ ಕಂಪನಿಯ ಲೇಬಲ್ ಇರುತ್ತದೆ. ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ. ನಾಳೆ ಯಾವುದೋ ಶೆಡ್‌ನಲ್ಲಿ ಆ ಡ್ರಮ್ ಸಿಕ್ಕರೆ, ನಂಬರ್ ಹಿಡಿದು ಕಂಪನಿಗೆ, ಕಂಪನಿಯಿಂದ ನನ್ನಂಥ ಡೀಲರ್‌ಗೆ, ಡೀಲರ್‌ನಿಂದ ಕೊಂಡವನವರೆಗೆ ಹೋಗಬಹುದು. ನನ್ನ ಪುಸ್ತಕದಲ್ಲಿ ಅದು ಬರೆದಿಲ್ಲ ಅಂದರೆ ದಾರಿ ನನ್ನಲ್ಲಿಗೇ ನಿಂತಿತು. ಕಳ್ಳ ಕೆಲಸದವರಿಗೂ ಇದು ಗೊತ್ತು. ಅವರು ಮೊದಲು ಕಿತ್ತು ಹಾಕುವುದೇ ಲೇಬಲ್. ಅದಕ್ಕೆ ನಾನು ಬ್ಯಾಚ್ ನಂಬರ್ ಮತ್ತು ನನ್ನ ಬಿಲ್ ನಂಬರ್ ಎರಡನ್ನೂ ಡ್ರಮ್ಮಿನ ಮೇಲೆ, ಮುಚ್ಚಳದ ಪಕ್ಕದಲ್ಲಿ, ಎನಾಮೆಲ್ ಪೇಂಟ್‌ನಿಂದ ಬರೆಸುತ್ತೇನೆ. ಹಮಾಲರಿಗೆ ಮೊದಮೊದಲು ಬೇಸರ ಇತ್ತು. ಈಗ ಬರೆಯದ ಡ್ರಮ್ಮನ್ನು ಅವರೇ ಗಾಡಿಗೆ ಏರಿಸುವುದಿಲ್ಲ.

ಅನುಮಾನ ಬರುವುದು ಹೇಗೆ ಅಂತ ಹೊಸಬರು ಕೇಳುತ್ತಾರೆ. ಮನುಷ್ಯನ ಮುಖ, ಬಟ್ಟೆ, ಭಾಷೆ, ಜಾತಿ, ಊರು ನೋಡಿ ಅನುಮಾನ ಪಡುವುದು ತಪ್ಪು. ಅದರಿಂದ ಪ್ರಯೋಜನವೂ ಇಲ್ಲ. ವ್ಯವಹಾರ ನೋಡಬೇಕು. ನಮ್ಮ ಕಡೆ ರೇಟು ಕೇಳಿ ಚೌಕಾಸಿ ಮಾಡದೆ ಹೋಗುವ ಗಿರಾಕಿ ಅಪರೂಪ. ದೊಡ್ಡ ಮಾಲು ಕೇಳಿ, ಹೇಳಿದ ರೇಟಿಗೆ ಸುಮ್ನೆ ತಲೆ ಆಡಿಸಿದರೆ ನಾನು ಕೈಯಲ್ಲಿದ್ದ ಪೆನ್ನು ಕೆಳಗಿಡುತ್ತೇನೆ. ಒಮ್ಮೆ ಒಬ್ಬರು ಬಂದಿದ್ದರು.

"ಸಾವ್ಕಾರ್ರೆ, ಟಾಲೀನ್ ಅದ ಏನ್ರಿ? ನಾಕು ಡ್ರಮ್ ಬೇಕಾಗ್ಯದ."

"ಅದ ಬರ್ರಿ. ಎದಕ್ಕ ಬೇಕ್ರಿ?"

"ಪೇಂಟಿಂಗ್ ಕೆಲಸಕ್ಕ್ರಿ."

"ಯಾ ಪೇಂಟಿಗಿ ಹಾಕ್ತೀರಿ?"

"ಎಲ್ಲಾದಕ್ಕೂ ಹಾಕ್ತೀವ್ರಿ."

ಎರಡುನೂರು ಲೀಟರಿನ ನಾಲ್ಕು ಡ್ರಮ್ ಒಯ್ಯುವ ಪೇಂಟರ್ ಹೀಗೆ ಹೇಳುವುದಿಲ್ಲ. ಅವನಿಗೆ ಕಂಪನಿ ಗೊತ್ತಿರುತ್ತದೆ, ಗ್ರೇಡ್ ಗೊತ್ತಿರುತ್ತದೆ, ಕೆಲಸ ಎಲ್ಲಿ ನಡೆದಿದೆ ಅಂತ ಹೇಳುತ್ತಾನೆ. ಬಿಲ್ ಯಾರ ಹೆಸರಿಗೆ ಅಂತ ಕೇಳಿದೆ.

"ಬಿಲ್ ಬ್ಯಾಡ್ರಿ. ರೊಕ್ಕ ಈಗೇ ಎಣಿಸಿ ಕೊಡ್ತೀನಿ. ಡ್ರಮ್ ಮ್ಯಾಲಿನ ಚೀಟಿ ಒಂದ್ ತಗದ್ ಕೊಡ್ರಿ."

ನಾನು ಜಗಳ ಆಡಲಿಲ್ಲ. ಇದು ಮುಖ್ಯ. ಅಂಗಡಿಯವನು ಪೊಲೀಸ್ ಅಲ್ಲ, ಯಾರನ್ನೂ ಹಿಡಿದು ನಿಲ್ಲಿಸಬಾರದು. "ಅಡ್ರೆಸ್ ಬರಸ್ರಿ, ನನ್ನ ಗಾಡಿಯಾಗೇ ಕಳಸ್ತೀನಿ, ಬಾಡಿಗಿ ನಂದು" ಅಂದೆ. ವಿಳಾಸ ಫೋನ್ ಮಾಡಿ ಹೇಳುತ್ತೇನೆ ಅಂತ ಹೊರಟರು. ಫೋನ್ ಬರಲಿಲ್ಲ. ಬಂದ ಹೊತ್ತು, ಕೇಳಿದ ಮಾಲು, ಗಾಡಿ ನಂಬರ್ ಬರೆದು ಜಿಲ್ಲೆಯ ಸಿಇಎನ್ ಠಾಣೆಗೆ ತಿಳಿಸಿದೆ. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಎಲ್ಲ ನೋಡುವ ಠಾಣೆ ಅದು. ಠಾಣೆಗೆ ಹೋಗಲು ಹಿಂಜರಿಕೆ ಇರುವವರಿಗೆ 1933 ಸಹಾಯವಾಣಿ ಇದೆ. 2024ರ ಜುಲೈನಲ್ಲಿ ಶುರುವಾಯಿತು.

ಸೈಟಿಗೇ ಮಾಲು ತಲುಪಿಸುವ ಈ ನಿಯಮ ನನ್ನ ಎಲ್ಲ ನಿಯಮಗಳಿಗಿಂತ ಜಾಸ್ತಿ ಕೆಲಸಕ್ಕೆ ಬಂದಿದೆ. ಒಂದು ಡ್ರಮ್ಮಿಗಿಂತ ಹೆಚ್ಚು ಬೇಕಾದರೆ ನನ್ನ ಗಾಡಿಯಲ್ಲೇ ಹೋಗಬೇಕು. ಡ್ರೈವರ್ ಇಳಿಸುವಾಗ ಬೋರ್ಡ್ ಇದೆಯಾ, ಕೆಲಸ ನಡೆಯುತ್ತಿದೆಯಾ, ಕರೆಂಟ್ ಇದೆಯಾ ನೋಡಿಕೊಂಡು ಬರುತ್ತಾನೆ. ಮುಚ್ಚಿದ ಕಾರ್ಖಾನೆಯ ಶೆಡ್ಡು, ಹೊಲದ ನಡುವಿನ ಕೋಳಿ ಫಾರಂ ಅಂಥ ಕಡೆ ಇಳಿಸು ಅಂದರೆ ಮಾಲು ವಾಪಸ್ ತರಬೇಕು ಅಂತ ಅವನಿಗೆ ಹೇಳಿಟ್ಟಿದ್ದೇನೆ. ಡೀಸೆಲ್ ಖರ್ಚು ನನ್ನ ಮೈಮೇಲೆ ಬರುತ್ತದೆ. ಇರಲಿ.

ಕ್ಲೋರಲ್ ಹೈಡ್ರೇಟ್ ವಿಷಯದಲ್ಲಿ ಮಾತ್ರ ನಾನು ಪ್ರಶ್ನೆ ಕೇಳುವುದಿಲ್ಲ. ನಿದ್ದೆ ಬರಿಸುವ ಆ ಪುಡಿಯನ್ನು ಇಡುವುದೇ ಇಲ್ಲ. ಸಿಎಚ್ ಪೌಡರ್ ಅಂದರೆ ಗಡಿ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅದನ್ನೂ ಆಲ್‌ಪ್ರಾಜೋಲಾಮ್ ಪುಡಿಯನ್ನೂ ನೀರಿಗೆ ಬೆರೆಸಿ ಸಿಂದಿ ಅಂತ ಮಾರುತ್ತಾರೆ. ಹಗಲೆಲ್ಲ ಕೂಲಿ ಮಾಡಿದ ಹೆಂಗಸರು, ಗಂಡಸರು ಕುಡಿಯುತ್ತಾರೆ. ರೂಢಿಯಾದ ಮೇಲೆ ಎರಡು ದಿನ ಸಿಗದಿದ್ದರೆ ಕೈಕಾಲು ನಡುಗುತ್ತವೆ, ಏನೇನೋ ಬಡಬಡಿಸುತ್ತಾರೆ, ಕೆಲವರಿಗೆ ಮೂರ್ಛೆ ಬರುತ್ತದೆ. ನಮ್ಮ ಅಂಗಡಿಯಲ್ಲಿ ಮಾಲು ಇಳಿಸುತ್ತಿದ್ದ ಒಬ್ಬರ ಅವ್ವನನ್ನು ಆ ಸ್ಥಿತಿಯಲ್ಲಿ ನೋಡಿದ್ದೇನೆ. ಮಗನ ಗುರುತು ಹತ್ತುತ್ತಿರಲಿಲ್ಲ ಆ ತಾಯಿಗೆ. ಆ ಪುಡಿಯಲ್ಲಿ ಬರುವ ಲಾಭ ನನಗೆ ಬೇಡ.

ಒಬ್ಬನೇ ಮಾಡಿದರೆ ಇದು ನಡೆಯುವುದಿಲ್ಲ. ನಾನು ಇಲ್ಲ ಅಂದರೆ ಗಿರಾಕಿ ಗಂಜ್‌ನ ಇನ್ನೊಂದು ಅಂಗಡಿಗೆ, ಅಲ್ಲಿಂದ ಕಲಬುರಗಿಗೆ ಹೋಗುತ್ತಾನೆ. ಅದಕ್ಕೆ ಪರಿಚಯದ ವ್ಯಾಪಾರಿಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಯಾರಾದರೂ ಬಿಲ್ ಬೇಡ ಅಂದರೆ, ಲೇಬಲ್ ಕೀಳು ಅಂದರೆ, ಉಳಿದವರಿಗೆ ಫೋನ್ ಮಾಡಬೇಕು. ಯಾವ ಮಾಲು, ಎಷ್ಟು, ಏನು ಹೇಳಿದ ಇಷ್ಟೇ ಹೇಳಬೇಕು. ಹೆಸರು, ಫೋಟೋ ಹಂಚಬಾರದು ಅಂತ ನಾನು ಹಟ ಹಿಡಿದೆ. ನಮ್ಮ ಅನುಮಾನ ಸುಳ್ಳಾದರೆ ಒಬ್ಬ ಮರ್ಯಾದಸ್ಥನ ಬದುಕು ಹಾಳು. ಹೆಸರು ಹೋಗಬೇಕಾದ್ದು ಠಾಣೆಗೆ ಮಾತ್ರ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಎನ್‌ಕಾರ್ಡ್ ಅಂತ ಜಿಲ್ಲಾ ಸಮಿತಿ ಇರುತ್ತದೆ. ಮಾದಕ ವಸ್ತು ತಡೆಯಲು ಇಲಾಖೆಗಳನ್ನು ಒಂದೆಡೆ ಕೂರಿಸುವ ಸಮಿತಿ. ಇಂಥ ಸಭೆಗೆ ಕೆಮಿಕಲ್ ವ್ಯಾಪಾರಿಗಳನ್ನೂ ಕರೆಯಬೇಕು ಅನ್ನುವುದು ನನ್ನ ಬೇಡಿಕೆ. ಜೊತೆಗೆ, ಮುಚ್ಚಿದ ಶೆಡ್ ಬಾಡಿಗೆಗೆ ಹೋದಾಗ ಮಾಲೀಕರು ಠಾಣೆಗೆ ಬರೆದು ತಿಳಿಸುವಂತೆ ಮಾಡಬೇಕು. ಮನೆ ಬಾಡಿಗೆಗೆ ಕೊಡುವಾಗ ಆಧಾರ್ ಕೇಳುತ್ತೇವೆ, ಶೆಡ್‌ಗೆ ಯಾಕೆ ಕೇಳಬಾರದು?

ವ್ಯಾಪಾರ ಕಡಿಮೆಯಾಯಿತಾ ಅಂದರೆ, ಆಯಿತು. ನಗದು ಗಿರಾಕಿಗಳು ಕೆಲವರು ಬಿಟ್ಟು ಹೋದರು. ಹಳೆಯ ಲೆಕ್ಚರರ್ ಒಬ್ಬರು "ನನ್ನನ್ನೇ ಕೇಳ್ತೀಯೇನಪ್ಪಾ?" ಅಂತ ಮುನಿಸಿಕೊಂಡರು. ಎಲ್ಲರನ್ನೂ ಕೇಳುತ್ತೇನೆ ಸರ್, ಅದಕ್ಕೇ ನಿಮ್ಮನ್ನೂ ಕೇಳಿದೆ ಅಂದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಅರ್ಧ ಕಿಲೋಗೆ ಕಾಲೇಜಿನ ಲೆಟರ್‌ಹೆಡ್ ತಂದುಕೊಟ್ಟರು. ಇನ್ನೊಂದು ಕಡೆ, ಔಷಧ ಕಾರ್ಖಾನೆಗಳವರಿಗೆ ಆಡಿಟ್‌ಗೆ ಕಾಗದ ಸರಿಯಾಗಿರುವ ಡೀಲರ್ ಬೇಕು. ಅವರ ಆರ್ಡರ್ ಹೆಚ್ಚಾಗಿದೆ.

ಈಗ ಖಾಲಿ ಡ್ರಮ್‌ಗಳ ಲೆಕ್ಕ ಶುರು ಮಾಡಿದ್ದೇನೆ. ಗುಜರಿಗೆ ಹೋದ ಖಾಲಿ ಡ್ರಮ್ಮಿನಲ್ಲಿ ಯಾರು ಏನು ತುಂಬುತ್ತಾರೋ ಹೇಳಲಾಗದು, ಮೇಲೆ ಮಾತ್ರ ನನ್ನ ಬಿಲ್ ನಂಬರ್ ಇರುತ್ತದೆ. ಆದ್ದರಿಂದ ಡ್ರಮ್ಮಿಗೆ ಠೇವಣಿ ಇಟ್ಟುಕೊಂಡು, ವಾಪಸ್ ತಂದಾಗ ಹಣ ತಿರುಗಿ ಕೊಡುತ್ತೇನೆ. ತಂದ ತಾರೀಖನ್ನು ರಿಜಿಸ್ಟರ್‌ನಲ್ಲಿ ಅದೇ ಸಾಲಿನ ಮುಂದೆ ಬರೆಯುತ್ತೇನೆ.