ಗೇಮಿಂಗ್ ಪಿಸಿಗೆ ಹೊಂದುವ ಭಾಗಗಳನ್ನು ಆರಿಸುವುದು ಹೇಗೆ

ಪ್ರತಿ ಭಾಗಕ್ಕೂ ಎರಡು ಪ್ರಶ್ನೆ ಕೇಳಬೇಕು. ಇದು ಅಲ್ಲಿ ಕೂರುತ್ತದೆಯೇ? ಕೂತ ಮೇಲೆ ಕೆಲಸ ಮಾಡುತ್ತದೆಯೇ? ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡಿ ದುಡ್ಡು ಕೊಟ್ಟುಬಿಡುತ್ತಾರೆ. ಸಾಕೆಟ್‌ನಲ್ಲಿ ಸರಿಯಾಗಿ ಕೂತ ಪ್ರೊಸೆಸರ್, ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ, ಮದರ್‌ಬೋರ್ಡಿನೊಳಗಿನ ತಂತ್ರಾಂಶ) ಹಳೆಯದಾಗಿದ್ದರೆ ಬೂಟ್ ಆಗುವುದೇ ಇಲ್ಲ. ಸಲೀಸಾಗಿ ಸಿಕ್ಕಿಸಿದ ಒಂದು ಕೇಬಲ್ ಎಸ್‌ಎಸ್‌ಡಿಯನ್ನೇ ಸುಟ್ಟುಹಾಕಬಹುದು.

ಆಯ್ಕೆ ಶುರುವಾಗಬೇಕಾದದ್ದು ಮಾನಿಟರ್‌ನಿಂದ. 1080ಪಿ, 1440ಪಿ, 4ಕೆ ಇವುಗಳಲ್ಲಿ ಯಾವುದು ಎಂಬುದು ಗ್ರಾಫಿಕ್ಸ್ ಕಾರ್ಡನ್ನು ನಿರ್ಧರಿಸುತ್ತದೆ. ಅದಕ್ಕೆ ತಕ್ಕ ಪ್ರೊಸೆಸರ್, ಆಮೇಲೆ ಮದರ್‌ಬೋರ್ಡ್, ರ‍್ಯಾಮ್, ಕೂಲರ್, ಕ್ಯಾಬಿನೆಟ್, ಕೊನೆಗೆ ಪವರ್ ಸಪ್ಲೈ. ಕಣ್ಣಿಗೆ ಹಿಡಿಸಿದ ಕ್ಯಾಬಿನೆಟ್ಟನ್ನು ಮೊದಲೇ ತಂದಿಟ್ಟುಕೊಂಡರೆ ಉಳಿದದ್ದೆಲ್ಲ ಅದರ ಅಳತೆಗೆ ಸಿಕ್ಕಿಬೀಳುತ್ತದೆ.

ಸಾಕೆಟ್ ಮತ್ತು ಬಯಾಸ್

ಎಎಂಡಿಯ ಎಎಂ4 ಸಾಕೆಟ್ ಇರುವ ಬೋರ್ಡುಗಳಿಗೆ ಡಿಡಿಆರ್4 ಬಗೆಯ ರ‍್ಯಾಮ್ ಮಾತ್ರ, 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಇಂಟೆಲ್‌ನ 12, 13, 14ನೇ ತಲೆಮಾರಿನ ಪ್ರೊಸೆಸರ್‌ಗಳೆಲ್ಲ ಎಲ್‌ಜಿಎ 1700 ಸಾಕೆಟ್ಟಿನಲ್ಲಿ ಕೂರುತ್ತವೆ. ಇಲ್ಲಿ ಮಾತ್ರ ಗೊಂದಲ ಜಾಸ್ತಿ: ಪ್ರೊಸೆಸರ್ ಎರಡೂ ಬಗೆಯ ರ‍್ಯಾಮ್ ಒಪ್ಪುತ್ತದೆ, ಬೋರ್ಡ್ ಒಂದನ್ನೇ ಒಪ್ಪುತ್ತದೆ. ಡಿಡಿಆರ್4 ಬೋರ್ಡಿನ ಹೆಸರಿನಲ್ಲಿ ಸಾಮಾನ್ಯವಾಗಿ 'ಡಿ4' ಎಂದೋ 'ಡಿಡಿಆರ್4' ಎಂದೋ ಇರುತ್ತದೆ, ಅದನ್ನು ಹುಡುಕಿ. ಎರಡೂ ಬಗೆಯ ರ‍್ಯಾಮಿಗೆ 288 ಪಿನ್ನುಗಳೇ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಇಳಿಯುವುದಿಲ್ಲ. ಒತ್ತಿ ನೋಡಬೇಡಿ. ಕೋರ್ ಅಲ್ಟ್ರಾ 200ಎಸ್ ಸರಣಿಗೆ ಬೇಕಾದದ್ದು ಎಲ್‌ಜಿಎ 1851, ಅದರಲ್ಲಿ ಡಿಡಿಆರ್5 ಮಾತ್ರ.

ಸಾಕೆಟ್ ಒಂದೇ ಆದರೂ ಕೆಲಸ ಮುಗಿಯಲಿಲ್ಲ. ಬಿ450 ಬೋರ್ಡಿಗೆ ಎಎಂಡಿಯ ರೈಜನ್ 5000, ಬಿ660ಕ್ಕೆ ಇಂಟೆಲ್‌ನ 13ನೇ ತಲೆಮಾರು, ಬಿ650ಕ್ಕೆ ರೈಜನ್ 9000 ಹಾಕುವವರು ಬಯಾಸ್ ಆವೃತ್ತಿ ನೋಡಲೇಬೇಕು. ತಯಾರಕರ ತಾಣದಲ್ಲಿ ಆ ಬೋರ್ಡಿನ ಪುಟ ತೆರೆದು ಪ್ರೊಸೆಸರ್ ಪಟ್ಟಿ ನೋಡಿ. ಪ್ರತಿ ಮಾದರಿಯ ಎದುರು ಕನಿಷ್ಠ ಯಾವ ಬಯಾಸ್ ಬೇಕು ಎಂದು ಬರೆದಿರುತ್ತದೆ. ಬೋರ್ಡ್ ಬಹಳ ದಿನದಿಂದ ಸ್ಟಾಕಿನಲ್ಲಿದ್ದರೆ ಅದರೊಳಗಿನ ಬಯಾಸ್ ಅದಕ್ಕಿಂತ ಹಳೆಯದೇ ಇರಬಹುದು. ಆದ್ದರಿಂದ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ಕೊಳ್ಳಿ. ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಫೈಲ್ ಹಾಕಿ, ಕೈಪಿಡಿ ಹೇಳಿದಂತೆ ಹೆಸರು ಬದಲಿಸಿ, ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೇ ಸಿಕ್ಕಿಸಿ ಬಟನ್ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಬಯಾಸ್ ಅಪ್‌ಡೇಟ್ ಆಗುತ್ತದೆ. ಲೈಟ್ ಮಿನುಗುವುದು ನಿಲ್ಲುವವರೆಗೆ ಕರೆಂಟ್ ತೆಗೆಯಬಾರದು.

ರ‍್ಯಾಮ್

ನಾಲ್ಕು ಸ್ಲಾಟ್ ಇದೆಯೆಂದು ನಾಲ್ಕನ್ನೂ ತುಂಬಬೇಡಿ. ರೈಜನ್ 7000ಕ್ಕೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕು ಸ್ಟಿಕ್ಕಿಗೆ ಬರೀ 3600. 32 ಜಿಬಿ ಬೇಕಿದ್ದರೆ 16 ಜಿಬಿಯ ಎರಡು ಸ್ಟಿಕ್ಕುಗಳಿರುವ ಒಂದೇ ಕಿಟ್ ಕೊಳ್ಳಿ. ಒಂದೇ ಮಾದರಿಯ ಎರಡು ಕಿಟ್ ಬೆರೆಸಿದರೂ ಒಳಗಿನ ಚಿಪ್ ಬೇರೆಯಾಗಿರಬಹುದು. ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕುವುದು ಬಹುತೇಕ ಬೋರ್ಡುಗಳ ಕ್ರಮ. ಮೊದಲ ಬಾರಿ ಆನ್ ಮಾಡಿದಾಗ ಡಿಡಿಆರ್5 ಬೋರ್ಡ್ ಮೆಮೊರಿ ಟ್ರೈನಿಂಗ್ (ರ‍್ಯಾಮಿಗೆ ತನ್ನನ್ನು ಹೊಂದಿಸಿಕೊಳ್ಳುವ ಕೆಲಸ) ಮಾಡುತ್ತಾ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ. ಕೆಟ್ಟಿದೆ ಎಂದುಕೊಂಡು ಆಫ್ ಮಾಡಬೇಡಿ, ಕಾಯಿರಿ. ಬೂಟ್ ಆದ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಡಬ್ಬಿಯ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ 6000ದ ಕಿಟ್ ಕೂಡ ತನ್ನ ಮೂಲ ವೇಗದಲ್ಲೇ, ಉದಾಹರಣೆಗೆ 4800ರಲ್ಲಿ, ಓಡುತ್ತಿರುತ್ತದೆ.

ಮಿಲಿಮೀಟರುಗಳ ಲೆಕ್ಕ

ಕ್ಯಾಬಿನೆಟ್ ವಿಷಯದಲ್ಲಿ ಮೂರು ಅಂಕಿಗಳನ್ನು ಕಾಗದದಲ್ಲಿ ಬರೆದುಕೊಳ್ಳಿ: ಗ್ರಾಫಿಕ್ಸ್ ಕಾರ್ಡಿನ ಗರಿಷ್ಠ ಉದ್ದ, ಕೂಲರಿನ ಗರಿಷ್ಠ ಎತ್ತರ, ರೇಡಿಯೇಟರಿನ (ನೀರಿನ ಕೂಲರಿನಲ್ಲಿ ಶಾಖ ಹೊರಹಾಕುವ ಭಾಗ) ಜಾಗ. ಕ್ಯಾಬಿನೆಟ್ಟಿನ ವಿವರದಲ್ಲಿ ಕಾರ್ಡಿಗೆ 360 ಮಿ.ಮೀ. ಎಂದಿದೆ, ನೀವು ರೇಡಿಯೇಟರ್ ಮುಂದೆ ಹಾಕುತ್ತೀರಿ ಎಂದಿಟ್ಟುಕೊಳ್ಳಿ. ರೇಡಿಯೇಟರ್ 27 ಮಿ.ಮೀ., ಫ್ಯಾನ್ 25 ಮಿ.ಮೀ., ಒಟ್ಟು 52 ಹೋಯಿತು, ಉಳಿದದ್ದು 308. 320 ಮಿ.ಮೀ. ಉದ್ದದ ಕಾರ್ಡ್ ಇನ್ನು ಒಳಗೆ ಹೋಗುವುದಿಲ್ಲ. ರೇಡಿಯೇಟರ್ ಮೇಲೆ ಹೋಗುವಂತಿದ್ದರೆ ಅಲ್ಲಿ ರ‍್ಯಾಮಿನ ಎತ್ತರ ಅಡ್ಡ ಬರುತ್ತದೆಯೇ ನೋಡಿ. ಕಾರ್ಡಿನ ಅಗಲವನ್ನೂ ಮರೆಯುವಂತಿಲ್ಲ: ಪವರ್ ಕೇಬಲ್ ಪಕ್ಕದ ಗಾಜಿನತ್ತ ಚಾಚಿಕೊಳ್ಳುತ್ತದೆ. ಕಾರ್ಡಿನಲ್ಲಿ 12ವಿ-2ಎಕ್ಸ್6 ಎಂಬ ಪವರ್ ಕನೆಕ್ಟರ್ ಇದ್ದರೆ ಕೇಬಲ್ ಬಾಗುವ ಮೊದಲು 35 ಮಿ.ಮೀ.ನಷ್ಟು ನೇರವಾಗಿರಲು ಜಾಗ ಬೇಕು. ಗಾಜು ಮುಚ್ಚಲೆಂದು ಬುಡದಲ್ಲೇ ಮಡಚಿದರೆ ಸಂಪರ್ಕ ಸಡಿಲಗೊಂಡು ಕನೆಕ್ಟರ್ ಕರಗುವ ಅಪಾಯವಿದೆ.

ಬೋರ್ಡಿನ ಅಳತೆ ಸುಲಭ: ಎಟಿಎಕ್ಸ್ 305×244, ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170 ಮಿ.ಮೀ. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಸಣ್ಣ ಬೋರ್ಡ್ ಕೂರಿಸುವಾಗ ಬೋರ್ಡಿನ ರಂಧ್ರಕ್ಕೆ ಸೇರದ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ತಿರುಪು) ಒಂದೂ ಉಳಿಯದಂತೆ ಬಿಚ್ಚಿ. ಬೋರ್ಡಿನ ಹಿಂಬದಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಹಳೆಯ ಕೂಲರ್ ಬಳಸುವವರಿಗೆ: ಎಎಂ4 ಮತ್ತು ಎಎಂ5 ರಂಧ್ರಗಳ ಅಂತರ ಒಂದೇ, ಆದರೆ ಎಎಂ5ರ ಬ್ಯಾಕ್‌ಪ್ಲೇಟ್ (ಬೋರ್ಡಿನ ಹಿಂಬದಿಯ ಲೋಹದ ತಟ್ಟೆ) ಬಿಚ್ಚಲಾಗದು. ತನ್ನದೇ ಬ್ಯಾಕ್‌ಪ್ಲೇಟ್ ಬೇಡುವ ಕೂಲರಿಗೆ ಹೊಸ ಕಿಟ್ ಬೇಕಾಗುತ್ತದೆ. ಇಂಟೆಲ್‌ನಲ್ಲಿ ಎಲ್‌ಜಿಎ 1200ರ 75 ಮಿ.ಮೀ. ಅಂತರ 1700ರಲ್ಲಿ 78 ಆಯಿತು.

ಪವರ್ ಸಪ್ಲೈ

220 ವ್ಯಾಟಿನ ಗ್ರಾಫಿಕ್ಸ್ ಕಾರ್ಡ್, ಜೊತೆಗೆ 105 ವ್ಯಾಟಿನ ಎಎಂ5 ಪ್ರೊಸೆಸರ್ ಇದೆಯೆನ್ನಿ. ಪೆಟ್ಟಿಗೆಯ ಮೇಲೆ 105 ಎಂದಿದ್ದರೂ ಅದು 142 ವ್ಯಾಟ್‌ವರೆಗೆ ಎಳೆಯಬಲ್ಲದು. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ 75 ಹಿಡಿದರೆ ಸುಮಾರು 440. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರ ತಮ್ಮ ಮಿತಿ ಮೀರಿ ಎಳೆಯುತ್ತವೆ, ಆಗ ಸಣ್ಣ ಸಪ್ಲೈ ಆಟದ ನಡುವೆಯೇ ಆಫ್ ಆಗುತ್ತದೆ. ಇಂಥ ಜೋಡಣೆಗೆ 650 ವ್ಯಾಟ್ ಸಾಕು, 750 ನೆಮ್ಮದಿ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು 75 ವ್ಯಾಟ್, ಪ್ರತಿ 8 ಪಿನ್ ಕನೆಕ್ಟರಿನಿಂದ 150. ಎರಡು ಕನೆಕ್ಟರ್ ಬೇಕಾದ ಕಾರ್ಡಿಗೆ ಒಂದೇ ಕೇಬಲಿನ ಎರಡು ಕವಲು ಬಳಸದೆ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. ಪ್ರೊಸೆಸರ್ ಕೇಬಲ್ 4+4 ಆಗಿ, ಕಾರ್ಡಿನದ್ದು 6+2 ಆಗಿ ಸೀಳುತ್ತದೆ. ಎರಡರಲ್ಲೂ ಎಂಟು ಪಿನ್ನಿದ್ದರೂ ವೈರಿಂಗ್ ಬೇರೆ.

ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಸಪ್ಲೈನ ಕೇಬಲನ್ನು ಇನ್ನೊಂದಕ್ಕೆ ಹಾಕಲೇಬೇಡಿ. ಸಪ್ಲೈ ಬದಿಯ ಪಿನ್ ಕ್ರಮಕ್ಕೆ ಸಾರ್ವತ್ರಿಕ ನಿಯಮವಿಲ್ಲ, ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆಯಿರಬಹುದು. 5 ವೋಲ್ಟ್ ಇರಬೇಕಾದ ಕಡೆ 12 ಹರಿದರೆ ಡ್ರೈವ್ ಅಲ್ಲೇ ಸತ್ತುಹೋಗುತ್ತದೆ. ದೀಪದ ಪಟ್ಟಿಗಳದ್ದೂ ಇದೇ ಕಥೆ: ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು, ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು.

ಉಳಿದ ಕೆಲವು

ಎಸ್‌ಎಸ್‌ಡಿಗೆ ಎಂ.2 ಸ್ಲಾಟ್ ಇದೆ ಎಂದರೆ ಸಾಲದು. ಕೆಲವು ಎನ್‌ವಿಎಂಇ ಎಂಬ ವೇಗದ ಬಗೆಯನ್ನು ಮಾತ್ರ ಒಪ್ಪುತ್ತವೆ, ಸಾಟಾ ಎಂಬ ಹಳೆಯ ಬಗೆಯ ಎಂ.2 ಡ್ರೈವ್ ಅದರಲ್ಲಿ ಕೂತರೂ ಕಾಣಿಸುವುದಿಲ್ಲ. ಒಂದು ಸ್ಲಾಟ್ ತುಂಬಿದರೆ ಕೆಲವು ಸಾಟಾ ಪೋರ್ಟುಗಳು ಆಫ್ ಆಗುವ ಬೋರ್ಡುಗಳೂ ಇವೆ, ಕೈಪಿಡಿಯಲ್ಲಿ ಅಡಿಟಿಪ್ಪಣಿ ಓದಿ. ಪಿಸಿಐಇ (ಕಾರ್ಡ್ ಬೋರ್ಡಿಗೆ ಬೆಸೆಯುವ ಸಂಪರ್ಕ) 3.0 ಬೋರ್ಡಿಗೆ ಆರ್‌ಟಿಎಕ್ಸ್ 4060ಯಂಥ ಎಂಟೇ ಲೇನಿನ (ದತ್ತಾಂಶ ಹರಿಯುವ ದಾರಿ) ಕಾರ್ಡ್ ಹಾಕಿದರೆ ಕೆಲವು ಆಟಗಳಲ್ಲಿ ವೇಗ ತಗ್ಗುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್, ನಷ್ಟ ಇನ್ನೂ ಹೆಚ್ಚು. ಕ್ಯಾಬಿನೆಟ್ ಮುಂಭಾಗದಲ್ಲಿ ಟೈಪ್-ಸಿ ಇದ್ದರೆ ಬೋರ್ಡಿನಲ್ಲಿ ಅದರ ಕೇಬಲ್ ಸಿಕ್ಕಿಸುವ ಹೆಡರ್ ಇದೆಯೇ ನೋಡಿ.

ಎಲ್ಲ ಬಂದ ಮೇಲೆ ನೇರ ಕ್ಯಾಬಿನೆಟ್ಟಿಗೆ ತುಂಬಬೇಡಿ. ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಸ್ಟಿಕ್, 24 ಪಿನ್ ಮತ್ತು 8 ಪಿನ್ ಕೇಬಲ್ ಹಾಕಿ. ಹೆಸರಿನ ಕೊನೆಗೆ 'ಎಫ್' ಇರುವ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಅವುಗಳಿಗೆ ಕಾರ್ಡನ್ನೂ ಸಿಕ್ಕಿಸಿ ಮಾನಿಟರ್ ಕೇಬಲನ್ನು ಅದಕ್ಕೇ ಕೊಡಿ. ಪವರ್ ಬಟನ್ನಿನ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಆನ್ ಆಗುತ್ತದೆ. ಬಯಾಸ್ ಪರದೆ ಬಂತೆಂದರೆ ಆಫ್ ಮಾಡಿ, ಕರೆಂಟ್ ತೆಗೆದು, ಕ್ಯಾಬಿನೆಟ್ಟಿಗೆ ಇಳಿಸಲು ಶುರು ಮಾಡಿ.