ಕ್ಲಬ್ಬಿನ ಚರಿತ್ರೆ: ಮೊದಲು ಹೆಸರಿನ ಜಾಡು ಹಿಡಿಯಿರಿ

ಕೊಡಗಿನ ಪೊನ್ನಂಪೇಟೆಯ ಹಾಕಿ ತಂಡವಿರಲಿ, ಸಿದ್ದಾಪುರದ ಫುಟ್‌ಬಾಲ್ ತಂಡವಿರಲಿ, ಚರಿತ್ರೆ ಬರೆಯಲು ಕೂತವರು ಎಡವುವುದು ಹೆಸರಿನಲ್ಲೇ. ಆಸ್ಟ್ರೇಲಿಯಾದ ಕ್ರೊಯೇಷಿಯನ್ ವಲಸಿಗರ ಫುಟ್‌ಬಾಲ್ ಕ್ಲಬ್ಬುಗಳನ್ನು ನೋಡಿ. 1953ರ ಮೆಲ್ಬರ್ನ್ ಕ್ರೊಯೇಷಿಯಾ ಈಗ ಮೆಲ್ಬರ್ನ್ ನೈಟ್ಸ್. 1958ರ ಸಿಡ್ನಿ ಕ್ರೊಯೇಷಿಯಾ ಈಗ ಸಿಡ್ನಿ ಯುನೈಟೆಡ್ 58. ಜನಾಂಗದ ಹೆಸರು ಕೂಡದೆಂದು 1990ರ ದಶಕದಲ್ಲಿ ಅಲ್ಲಿನ ಫುಟ್‌ಬಾಲ್ ಆಡಳಿತ ಪಟ್ಟು ಹಿಡಿದಿತ್ತು. ಮೆಲ್ಬರ್ನ್‌ನವರು 1994-95, 1995-96ರಲ್ಲಿ ರಾಷ್ಟ್ರೀಯ ಲೀಗ್ ಗೆದ್ದದ್ದು ಹೊಸ ಹೆಸರಲ್ಲಿ. 1972ರಲ್ಲಿ ಗಲಾಟೆಯಾಗಿ ರಾಜ್ಯ ಲೀಗಿನಿಂದ ಹೊರಬಿದ್ದದ್ದು ಹಳೆಯ ಹೆಸರಲ್ಲಿ. ಒಂದೇ ಹೆಸರು ಹುಡುಕಿದವರಿಗೆ ಅರ್ಧ ಕಥೆಯಷ್ಟೇ ಸಿಗುತ್ತದೆ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ವರ್ಷ, ಆಗಿನ ಹೆಸರು, ಪುರಾವೆ. ನಡಾವಳಿ ಪುಸ್ತಕ, ರಸೀದಿ, ಟ್ರೋಫಿ ಮೇಲಿನ ಬರಹ ಎಲ್ಲವೂ ಪುರಾವೆಯೇ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ; "ಕಾಫಿ ಕೊಯ್ಲಿಗೆ ಮುಂಚೆಯಾ, ಆಮೇಲಾ?" ಎಂದು ಕೇಳಿ, ತಿಂಗಳಾದರೂ ಸಿಗುತ್ತದೆ. ಆಟಗಾರರ ಹೆಸರಿನ ಜೊತೆ ಮನೆತನದ ಹೆಸರು ಬರೆಯದಿದ್ದರೆ ಕೊಡಗಿನಲ್ಲಿ ಇಬ್ಬರು ಪೂವಯ್ಯಂದಿರು ಒಬ್ಬರಾಗಿಬಿಡುತ್ತಾರೆ!

ಫೋಟೋಗಳನ್ನು ಮಳೆಗೆ ಮುಂಚೆಯೇ, 600 ಡಿಪಿಐನಲ್ಲಿ (ಸ್ಕ್ಯಾನರ್‌ನ ಸ್ಪಷ್ಟತೆಯ ಅಳತೆ) ಸ್ಕ್ಯಾನ್ ಮಾಡಿ. ಕಕ್ಕಡದ (ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳು) ತೇವಕ್ಕೆ ಬೂಷ್ಟು ಹಿಡಿದು ಆಲ್ಬಂ ಹಾಳೆಗೆ ಅಂಟಿಕೊಂಡರೆ ಕಿತ್ತಾಗ ಮುಖವೇ ಹೋಗುತ್ತದೆ. ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡ.